ಜಾಕನ ಅಪ್ಪ ಎಲ್ಲಿ ಹೋದ?

ಅಮರ ಚಿತ್ರಕಥೆಯ ಇಂಗ್ಲಿಷ್ ಪುಸ್ತಕಗಳ ಕ್ರಮಸಂಖ್ಯೆ 11ರಿಂದ ಶುರುವಾಗುತ್ತದೆ. ಅದಕ್ಕಿಂತ ಮೊದಲಿನ ಹತ್ತು ಪುಸ್ತಕಗಳು ಹುಟ್ಟಿದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಲ್ಲಿ. ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಬಂದ ಆ ಹತ್ತರಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಇದ್ದವರು ಅವರೆ ಬಳ್ಳಿ ಹತ್ತಿ ಹೋದ ಜಾಕ್, ಸಿಂಡರೆಲ್ಲಾ, ಕೆಂಪು ಕುಲಾವಿಯ ಹುಡುಗಿ, ಏಳು ಕುಳ್ಳರ ಮನೆ ಸೇರಿದ ಸ್ನೋವೈಟ್, ಓಜ್ ನಾಡಿಗೆ ಹಾರಿಹೋದ ಡೊರೊತಿ. ಈ ಮಕ್ಕಳ ಮನೆಗಳನ್ನು ಒಂದೊಂದಾಗಿ ಹೊಕ್ಕು ನೋಡಿದರೆ ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಇಲ್ಲ. ಜಾಕನಿಗೆ ಅವ್ವ ಇದ್ದಾಳೆ, ಅಪ್ಪ ಇಲ್ಲ. ಕೆಂಪು ಕುಲಾವಿಯ ಹುಡುಗಿಗೆ ಅಮ್ಮನೂ ಅಜ್ಜಿಯೂ ಇದ್ದಾರೆ, ಅಪ್ಪನ ಸುದ್ದಿಯೇ ಬರುವುದಿಲ್ಲ. ಸಿಂಡರೆಲ್ಲಾಳ ಅಪ್ಪ ಹಳೆಯ ಪಾಠಗಳಲ್ಲಿ ಬದುಕಿಯೇ ಇದ್ದಾನೆ. ಆದರೂ ಮಗಳು ಒಲೆಯ ಬೂದಿಯಲ್ಲಿ ಕೂತಾಗ ಅವನು ಎಲ್ಲಿದ್ದ ಎಂದು ಕಥೆ ಹೇಳುವುದಿಲ್ಲ. ಸ್ನೋವೈಟಳ ಅಪ್ಪ ಅರಸ. ಗ್ರಿಮ್ ಸಹೋದರರ ಕಥೆಯಲ್ಲಿ ಅವನು ಎರಡನೆಯ ಮದುವೆ ಮಾಡಿಕೊಳ್ಳುತ್ತಾನೆ, ಅಲ್ಲಿಗೆ ಅವನ ಕೆಲಸ ಮುಗಿಯಿತು. ಮಗಳನ್ನು ಕಾಡಿಗೆ ಅಟ್ಟಿದಾಗಲೂ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಇಲ್ಲ. ಕನ್ನಡದ ಮಕ್ಕಳು ಬಣ್ಣದ ಚೌಕಟ್ಟುಗಳಲ್ಲಿ ಓದಿದ ಆ ಮೊದಲ ಕಥೆಗಳಲ್ಲಿ ಒಡಹುಟ್ಟಿದವರಿಗಿಂತ, ಹೆತ್ತವರಿಗಿಂತ ಹೆಚ್ಚು ನಂಬಿಕೆಯಿಂದ ಬಂದುಹೋಗುವವರು ಯಕ್ಷಿಣಿಯರು ಮತ್ತು ಕುಳ್ಳರು.

ಇದು ಬರೀ ಕುತೂಹಲದ ಪ್ರಶ್ನೆ ಅಂತ ಬಿಟ್ಟುಬಿಡಬಹುದಿತ್ತು, ಜಾಕನ ಕಥೆ ಇರದಿದ್ದರೆ. 1807ರಲ್ಲಿ ಲಂಡನ್ನಿನ ಬೆಂಜಮಿನ್ ಟಬಾರ್ಟ್ ಅಚ್ಚು ಹಾಕಿಸಿದ ಜಾಕನ ಕಥೆಯಲ್ಲಿ ಅಪ್ಪನ ವೃತ್ತಾಂತ ಪೂರ್ತಿಯಾಗಿ ಇದೆ. ಬಳ್ಳಿ ಹತ್ತಿ ಮೇಲೆ ಹೋದ ಹುಡುಗನಿಗೆ ಒಬ್ಬ ಯಕ್ಷಿಣಿ ಎದುರಾಗಿ ಹೇಳುತ್ತಾಳೆ: ನಿನ್ನ ಅಪ್ಪ ಉಳ್ಳವನು, ಕೊಡುಗೈಯವನು, ಈ ರಾಕ್ಷಸ ಅವನ ಸ್ನೇಹ ಬೆಳೆಸಿ, ಕೊಂದು, ಆಸ್ತಿ ದೋಚಿಕೊಂಡ, ಇದನ್ನು ಮಗನಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡು ನಿನ್ನ ತಾಯಿಯನ್ನು ಜೀವಸಹಿತ ಬಿಟ್ಟ. 1890ರಲ್ಲಿ ಜೋಸೆಫ್ ಜೇಕಬ್ಸ್ ಅದೇ ಕಥೆಯನ್ನು ಮತ್ತೆ ಬರೆದಾಗ ಆ ಭಾಗ ಕೈಬಿಟ್ಟುಹೋಯಿತು. ಜಗತ್ತಿನಲ್ಲಿ ಇವತ್ತು ಹೆಚ್ಚು ಚಲಾವಣೆಯಲ್ಲಿರುವುದು ಈ ಎರಡನೆಯ ಪಾಠ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಪ್ಪನ ಕಥೆ ಇರುವಲ್ಲಿ ಜಾಕ್ ತನ್ನ ಮನೆಯ ಸೊತ್ತು ಬಿಡಿಸಿಕೊಂಡು ಬರುವ ಮಗ. ಅದು ಇಲ್ಲದಲ್ಲಿ ಅವನು ಮತ್ತೊಬ್ಬರ ಮನೆಗೆ ಮೂರು ಸಲ ನುಗ್ಗಿ ಚಿನ್ನದ ಚೀಲ, ಮೊಟ್ಟೆಯಿಡುವ ಕೋಳಿ, ಹಾಡುವ ವೀಣೆ ಕದ್ದು, ಕೊನೆಗೆ ಬಳ್ಳಿ ಕಡಿದು ಮನೆ ಯಜಮಾನನನ್ನೇ ಕೊಲ್ಲುವವನು. ಅದೂ ತನಗೆ ಅನ್ನ ಹಾಕಿ ಬಚ್ಚಿಟ್ಟು ಕಾಪಾಡಿದ ಹೆಂಗಸಿನ ಗಂಡನನ್ನು. ಬಳ್ಳಿ ಅದೇ, ಕೋಳಿ ಅದೇ, ಕೊಡಲಿ ಅದೇ. ಕಾಣೆಯಾದ ಒಬ್ಬ ಅಪ್ಪನಿಂದ ಕಥೆಯ ನ್ಯಾಯವೇ ಅಡಿಮೇಲಾಯಿತು. ಯಕ್ಷಿಣಿಯ ಮಾತು ಟಬಾರ್ಟ್ ಕಾಲದಲ್ಲಿ ನೀತಿಗಾಗಿ ಸೇರಿಸಿದ್ದು, ಜನರ ಬಾಯಲ್ಲಿದ್ದ ಕಥೆಯಲ್ಲಿ ಅದು ಇರಲಿಲ್ಲ ಎನ್ನುವವರು ಇದ್ದಾರೆ. ಜೇಕಬ್ಸ್ ಅವರದೂ ಅದೇ ಅಭಿಪ್ರಾಯ. ಹಾಗೇ ಇದ್ದೀತು. ಆದರೆ ಆ ಸೇರ್ಪಡೆಯೇ ನನ್ನ ಮಾತಿಗೆ ಸಾಕ್ಷಿ: ಇನ್ನೂರು ವರ್ಷಗಳ ಹಿಂದೆಯೇ ಯಾರೋ ಒಬ್ಬರಿಗೆ ಈ ಕಥೆಯಲ್ಲಿ ಲೆಕ್ಕ ತಪ್ಪಿದೆ ಎನ್ನಿಸಿತ್ತು, ಅಪ್ಪ ಎಲ್ಲಿ ಎಂಬ ಪ್ರಶ್ನೆ ಕಿವಿಗೆ ಬಿದ್ದಿತ್ತು.

ಪತ್ರಿಕೆಗಳ ಚಿತ್ರಪಟ್ಟಿಗಳ ಕಾಲಕ್ಕೆ ಬಂದರೆ ಈ ಮರೆವು ಇನ್ನೂ ಗಟ್ಟಿಯಾಗುತ್ತದೆ. ಡೊನಾಲ್ಡ್ ಡಕ್‌ನ ಮೂವರು ಅಳಿಯಂದಿರು 1937ರ ಅಕ್ಟೋಬರ್ 17ರ ಭಾನುವಾರದ ಪಟ್ಟಿಯಲ್ಲಿ ಮೊದಲ ಸಲ ಬಂದರು. ಅವರ ಜೊತೆ ಡೆಲ್ಲಾ ಎಂಬಾಕೆಯ ಒಂದು ಪತ್ರ. ಮಕ್ಕಳು ಕುರ್ಚಿಯಡಿ ಪಟಾಕಿ ಸಿಡಿಸಿದ್ದರಿಂದ ಅವರಪ್ಪ ಆಸ್ಪತ್ರೆ ಸೇರಿದ್ದಾನೆ, ಅವನು ಬರುವ ತನಕ ಇವರನ್ನು ಇಟ್ಟುಕೋ ಎಂಬುದು ಅದರ ಒಕ್ಕಣೆ. ಆ ಅಪ್ಪ ಆಸ್ಪತ್ರೆಯಿಂದ ಬಂದನೋ ಇಲ್ಲವೋ ಆ ಪಟ್ಟಿ ಹೇಳಲಿಲ್ಲ. ಡೆಲ್ಲಾ ಡೊನಾಲ್ಡನ ಸೋದರಿ ಎಂದು ಗಟ್ಟಿಯಾಯಿತು, ಮಕ್ಕಳು ಮಾವನ ಮನೆಯಲ್ಲೇ ಉಳಿದರು, ಅವಳು ಮಾತ್ರ ತಿರುಗಿ ನೋಡಲಿಲ್ಲ. ಅವಳು ಬಾಹ್ಯಾಕಾಶಕ್ಕೆ ಹಾರಿಹೋಗಿ ಸಿಕ್ಕಿಹಾಕಿಕೊಂಡಿದ್ದಳೆಂಬ ಉತ್ತರ ಬಂದದ್ದು ಡೊನಾಲ್ಡನ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು 2014ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಮಾಡಿದ ಒಂದು ಕಥೆಯಲ್ಲಿ. ಅವ್ವ ಎಲ್ಲಿ ಎಂಬ ಪ್ರಶ್ನೆಗೆ ಮೂರು ಮಕ್ಕಳಿಗೆ ಎಪ್ಪತ್ತೇಳು ವರ್ಷ ಉತ್ತರ ಸಿಗಲಿಲ್ಲವೆಂದರೆ ಅದು ಮಕ್ಕಳ ತಪ್ಪಲ್ಲ, ಅವರ ಬಾಯಿಗೆ ಮಾತು ಬರೆದವರ ತಪ್ಪು. ಲೀ ಫಾಕ್ ಅವರ ಜಾದೂಗಾರ ಮ್ಯಾಂಡ್ರೇಕ್‌ನ ಅವಳಿ ಸಹೋದರ ಡೆರೆಕ್‌ಗೆ ಒಬ್ಬ ಮಗನಿದ್ದಾನೆ. ಆ ಹುಡುಗನ ತಾಯಿ ಯಾರೆಂದು ಹೇಳುವ ಗೋಜಿಗೆ ಕಥೆ ಹೋಗಲಿಲ್ಲ. ಅದೇ ಲೀ ಫಾಕ್ 1936ರಲ್ಲಿ ಶುರುಮಾಡಿದ ಫ್ಯಾಂಟಮ್‌ನದು ಇನ್ನೂ ವಿಚಿತ್ರ. 1964ರ ಮಾರ್ಚ್‌ನಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಹಲವು ಭಾರತೀಯ ಭಾಷೆಗಳಿಗೆ, ಕನ್ನಡಕ್ಕೂ, ಬಂದ ಈ ವೀರನಷ್ಟು ವಂಶದ ದಾಖಲೆ ಇಟ್ಟವರು ಕಾಮಿಕ್ಸ್ ಲೋಕದಲ್ಲೇ ಅಪರೂಪ. 1536ರಲ್ಲಿ ಕಡಲುಗಳ್ಳರು ಅಪ್ಪನನ್ನು ಕೊಂದಾಗಿನಿಂದ ಹಿಡಿದು ಇಪ್ಪತ್ತು ತಲೆಮಾರಿನ ಸಮಾಧಿಗಳು ತಲೆಬುರುಡೆ ಗುಹೆಯಲ್ಲಿವೆ, ಒಬ್ಬೊಬ್ಬರ ಸಾಹಸವೂ ದಪ್ಪ ಹೊತ್ತಿಗೆಗಳಲ್ಲಿ ಬರೆದಿಟ್ಟಿದೆ. ಆ ಇಪ್ಪತ್ತು ತಲೆಮಾರುಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳು? ಹದಿನೇಳನೆಯ ಫ್ಯಾಂಟಮ್‌ನ ಸೋದರಿ ಜೂಲಿ ಅವನ ಮುಖವಾಡ ತೊಟ್ಟು ಹೋರಾಡಿದ್ದರಿಂದ ಅವಳ ಹೆಸರು ಉಳಿಯಿತು. ಗಂಡಸಿನ ಉಡುಗೆ ತೊಡದ ಉಳಿದ ಅಕ್ಕತಂಗಿಯರನ್ನು ಯಾವ ಊರಿಗೆ ಕೊಟ್ಟರು, ಅವರು ಯಾವ ಕಾಡಿನಲ್ಲಿ ಮುದುಕಿಯರಾದರು ಎಂಬುದಕ್ಕೆ ಆ ದಪ್ಪ ಹೊತ್ತಿಗೆಗಳಲ್ಲಿ ಜಾಗ ಸಿಕ್ಕಿದ್ದು ಅಪರೂಪ.

ಕಸುಬಿನ ಕಾರಣ ಇಲ್ಲವೆಂದಲ್ಲ. ಮನೆಮಂದಿಯೆಲ್ಲ ಸುತ್ತ ಕೂತಿದ್ದರೆ ಹುಡುಗ ಬಳ್ಳಿ ಹತ್ತುವುದಾದರೂ ಯಾವಾಗ? ಅಪ್ಪ ಬೇಡವೆಂದಾನು, ಅವ್ವ ಕೈಹಿಡಿದು ಜಗ್ಗಿಯಾಳು, ಸಾಹಸ ಹೊಸಲಿನಲ್ಲೇ ಮುಗಿದೀತು. ವರ್ಷಗಟ್ಟಲೆ ನಡೆಯುವ ಪಟ್ಟಿಯಲ್ಲಿ ನಾಯಕನಿಗೆ ವಯಸ್ಸಾಗಬಾರದು. ಹೆತ್ತವರಿಗೆ ವಯಸ್ಸಾಗುತ್ತ ಹೋದರೆ ಅವನಿಗೂ ಆಗಲೇಬೇಕು. ಇದನ್ನು ಒಪ್ಪಿಕೊಂಡೇ ಒಂದು ಗೆರೆ ಎಳೆಯಬೇಕು. 1929ರಿಂದ ಜಗತ್ತು ಸುತ್ತಿದ ಟಿನ್‌ಟಿನ್‌ಗೆ ಅಪ್ಪ-ಅವ್ವ ಇಲ್ಲ, ಅಣ್ಣತಮ್ಮಂದಿರಿಲ್ಲ. ಆದರೆ ಅವನ ಕಥೆ ಅವರನ್ನು ಎಂದೂ ಕರೆದಿರಲಿಲ್ಲ, ಹಾಗಾಗಿ ಅಲ್ಲಿ ಯಾರೂ ಕಾಣೆಯಾಗಿಲ್ಲ. ಡೆಲ್ಲಾಳದು ಹಾಗಲ್ಲ. ಮೂರು ಮಕ್ಕಳನ್ನು ಕಥೆಯೊಳಕ್ಕೆ ತರಲು ಅವಳು ಬೇಕಾಗಿತ್ತು, ಅವಳ ಹೆಸರಿನ ಪತ್ರ ಬೇಕಾಗಿತ್ತು. ಕೆಲಸ ಮಾಡಿಸಿಕೊಂಡು, ಆಮೇಲೆ ಅವಳಿಗೇನಾಯಿತೆಂದು ಹೇಳದೆ ಹೋದದ್ದು ಸಾಲ ಉಳಿಸಿಕೊಂಡಂತೆ. ಒಂದು ಕಥೆ ಒಬ್ಬ ಸಂಬಂಧಿಯನ್ನು ಹೆಸರು ಹಿಡಿದು ಕರೆದು ದುಡಿಸಿಕೊಂಡ ಮೇಲೆ ಅವರ ಗತಿ ಏನಾಯಿತೆಂದು ಹೇಳುವ ಹೊಣೆ ಅದರ ಮೇಲೆ ಬೀಳುತ್ತದೆ. ನನ್ನ ವಾದ ಇಷ್ಟೇ. ಹೀಗೆ ಲೆಕ್ಕ ತಪ್ಪಿಹೋದವರ ಪಟ್ಟಿಯಲ್ಲಿ ತಾಯಂದಿರು, ಅಕ್ಕತಂಗಿಯರು, ಅಪ್ಪಂದಿರೇ ಹೆಚ್ಚು ಎಂಬುದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಥೆ ಹೀಗೇ ಇರಬೇಕೆಂದೇನೂ ಇಲ್ಲ ಎಂದು ತೋರಿಸಲು ದೂರ ಹೋಗಬೇಕಿಲ್ಲ, ಕಲಬುರಗಿ ಜಿಲ್ಲೆಯ ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳಿಗೆ ಬಂದರೆ ಸಾಕು. ಅಮರ್ಜಾ ಹೊಳೆ ಆಳಂದದ ಕಡೆಯಿಂದ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಸಂಗಮದಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಗಳ ಚರಿತ್ರೆಯೇ ಗುರುಚರಿತ್ರೆ. ಮರಾಠಿಯಲ್ಲಿ ಅದನ್ನು ಬರೆದ ಸರಸ್ವತಿ ಗಂಗಾಧರನ ಮನೆತನ ಆಳಂದ ತಾಲ್ಲೂಕಿನ ಕಡಗಂಚಿಯದು. ಗ್ರಂಥದೊಳಗೇ ಅವನು ತನ್ನ ವಂಶ ಹೇಳುತ್ತಾನೆ: ಗುರುವಿನ ಸೇವೆ ಮಾಡಿದ ಸಾಯಂದೇವ, ಅವನ ಮಗ ನಾಗನಾಥ, ಅಲ್ಲಿಂದ ದೇವರಾವ್, ಗಂಗಾಧರ, ಆಮೇಲೆ ತಾನು. ತಾಯಿ ಚಂಪೆಯ ಹೆಸರನ್ನೂ ಬಿಡುವುದಿಲ್ಲ. ಇನ್ನು ಕಥೆಯ ನಾಯಕ ಸನ್ಯಾಸಿ. ನೆಂಟರನ್ನು ಕಥೆಯಿಂದ ಕೈಬಿಡಲು ಯಾರಿಗಾದರೂ ಹಕ್ಕಿದ್ದರೆ ಅದು ಸನ್ಯಾಸಿಯ ಕಥೆ ಹೇಳುವವನಿಗೆ; ಸಂಬಂಧ ಕಡಿದುಕೊಳ್ಳುವುದೇ ಆ ಆಶ್ರಮದ ನೇಮ. ಅಷ್ಟಿದ್ದೂ ಗುರುಚರಿತ್ರೆ ಏನು ಮಾಡುತ್ತದೆ ನೋಡಿ. ಉಪನಯನವಾದ ಹುಡುಗ ನರಹರಿ, ಅಂದರೆ ಮುಂದಿನ ನೃಸಿಂಹ ಸರಸ್ವತಿ, ಮನೆ ಬಿಡುತ್ತೇನೆಂದಾಗ ತಾಯಿ ಅಳುತ್ತಾಳೆ. ನಿನಗೆ ಇನ್ನೂ ಮಕ್ಕಳಾಗುತ್ತಾರೆಂದು ಮಾತು ಕೊಟ್ಟು, ಅವಳಿ ಮಕ್ಕಳು ಹುಟ್ಟಿದ ಮೇಲೆಯೇ ಅವನು ಹೊರಡುತ್ತಾನೆ. ಮೂವತ್ತು ವರ್ಷದ ಬಳಿಕ ಹುಟ್ಟೂರು ಕಾರಂಜಕ್ಕೆ ಬಂದು ತಾಯ್ತಂದೆಯನ್ನು, ತಾನು ಹೋದ ಮೇಲೆ ಬೆಳೆದ ಒಡಹುಟ್ಟಿದವರನ್ನು ಕಾಣುತ್ತಾನೆ. ತಂಗಿ ರತ್ನಾಯಿ ತನ್ನ ಗತಿ ಏನೆಂದು ಕೇಳುತ್ತಾಳೆ, ಅವನು ಮುಂದೆ ಬರುವ ಕುಷ್ಠದ ಮಾತನ್ನೂ ಮುಚ್ಚದೆ ಹೇಳುತ್ತಾನೆ. ಎಷ್ಟೋ ಅಧ್ಯಾಯಗಳಾದ ಮೇಲೆ, ಓದುವವರೇ ಅವಳನ್ನು ಮರೆತಿರುವ ಹೊತ್ತಿಗೆ, ಆ ರತ್ನಾಯಿ ರೋಗದ ಮೈ ಹೊತ್ತು ಗಾಣಗಾಪುರಕ್ಕೆ ಬರುತ್ತಾಳೆ. ಪಾಪವಿನಾಶಿ ತೀರ್ಥದಲ್ಲಿ ಮಿಂದು ಗುಣವಾಗಿ ಅಲ್ಲೇ ಉಳಿಯುತ್ತಾಳೆ. ಕಥೆ ಅವಳನ್ನು ಮರೆತಿರಲಿಲ್ಲ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಥೆ ಕಟ್ಟುವವನ ನಿಷ್ಠೆಯನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಕೊನೆಯ ನಿರ್ಗಮನದಲ್ಲೂ ಅದೇ ನಿಷ್ಠೆ. ಗುರು ಶ್ರೀಶೈಲದಲ್ಲಿ ಹೂವಿನ ಆಸನದ ಮೇಲೆ ಕೂತು ಹೊಳೆಯಲ್ಲಿ ಸಾಗಿ ಕಣ್ಮರೆಯಾಗುತ್ತಾರೆ. ಹೋಗುವ ಮೊದಲು, ತಲುಪಿದ ಗುರುತಿಗೆ ಹೂ ಕಳಿಸುತ್ತೇನೆ ಎಂದು ಹೇಳಿರುತ್ತಾರೆ. ಹೂಗಳು ತೇಲಿ ಬರುತ್ತವೆ, ಅವನ್ನು ಪಡೆದವರಲ್ಲಿ ಕಡಗಂಚಿಯ ಸಾಯಂದೇವನೂ ಒಬ್ಬ. ಹೋದವರು ಎಲ್ಲಿಗೆ ಹೋದರೆಂದು ಇಲ್ಲೂ ಪೂರ್ತಿ ಗೊತ್ತಾಗುವುದಿಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಆದರೆ ಉಳಿದವರ ಕೈಗೆ ಒಂದು ಹೂ ಸಿಕ್ಕಿತು. ಎಲ್ಲ ಬಿಡಿಸಿ ಹೇಳಿದರೆ ಓದುಗರ ಕಲ್ಪನೆಗೆ ಏನು ಉಳಿಯಿತು ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರ ಇದೇ. ಗುಟ್ಟು ಬೇರೆ, ಮರೆವು ಬೇರೆ. ಎರಡರ ವ್ಯತ್ಯಾಸ ತಿಳಿಯಲು ಸುಲಭದ ಒರೆಗಲ್ಲು ಇದೆ: ಕಥೆಯೊಳಗೆ ಯಾರಾದರೂ ಕೇಳುತ್ತಾರೆಯೇ? ಗುರುಚರಿತ್ರೆಯನ್ನು ಸಿದ್ಧ ಹೇಳುತ್ತಾನೆ, ನಾಮಧಾರಕ ಕೇಳುತ್ತಾನೆ. ಮುಂದೇನಾಯಿತು, ಅವರು ಆಮೇಲೆ ಎಲ್ಲಿದ್ದರು, ವಿಸ್ತಾರವಾಗಿ ಹೇಳು ಎಂದು ಅಧ್ಯಾಯ ಅಧ್ಯಾಯಕ್ಕೂ ಅವನ ಒತ್ತಾಯ. ಕೇಳುವವನೊಬ್ಬ ಎದುರಿಗೆ ಕೂತಿರುವ ಕಥೆಯಲ್ಲಿ ತಂಗಿ ಕಳೆದುಹೋಗುವುದು ಕಷ್ಟ. ಹಳೆಯ ಕಾಮಿಕ್ಸ್‌ಗಳಲ್ಲಿ ಕೇಳುವವರು ದೂರದಲ್ಲಿದ್ದರು, ಬರೆಯುವವರಿಗೆ ಮುಂದಿನ ವಾರದ ಕಂತಿನ ಗಡುವು ಹತ್ತಿರದಲ್ಲಿತ್ತು.

ನಮ್ಮ ಕಡೆಯ ಲೆಕ್ಕವೇನು ಪೂರ್ತಿ ಚೊಕ್ಕಟವೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿ ಕಾಪಾಡಿದವರು ಹೆಳವರು. ಎತ್ತಿನೊಂದಿಗೆ ಒಕ್ಕಲುಗಳ ಮನೆ ಬಾಗಿಲಿಗೆ ಬಂದು, ಮುತ್ತಜ್ಜನ ಮುತ್ತಜ್ಜ ಯಾವ ಊರು ಬಿಟ್ಟು ಬಂದ, ಅವನ ತಮ್ಮ ಯಾವ ಊರಿಗೆ ಹೋಗಿ ನಿಂತ ಎಂದು ಒಂದೇ ಉಸಿರಿಗೆ ಹೇಳಿ ಕಾಳು ಪಡೆದು ಹೋಗುವವರು. ಊರು ಬಿಟ್ಟವನ ಹೆಸರು ಅಳಿಯದಂತೆ ನೋಡಿಕೊಂಡದ್ದು ಅವರ ದೊಡ್ಡತನ. ಆದರೆ ಆ ವಂಶಾವಳಿ ಸಾಗುವುದು ಮುಖ್ಯವಾಗಿ ಗಂಡುಸಂತಾನದ ಜಾಡಿನಲ್ಲಿ. ಕೊಟ್ಟ ಮನೆಗೆ ಹೋದ ಹೆಣ್ಣುಮಗಳು ವಂಶಾವಳಿಯಿಂದ ಜಾರುತ್ತಾಳೆ, ಫ್ಯಾಂಟಮ್‌ನ ಗುಹೆಯಿಂದ ಜಾರಿದ ಹಾಗೆಯೇ. ಹಾಗಿದ್ದರೂ ಒಂದು ವ್ಯತ್ಯಾಸವಿದೆ. ಹೆಳವನ ಎದುರು ಮನೆಮಂದಿ ಕೂತಿರುತ್ತಾರೆ, ಬಿಟ್ಟುಹೋದದ್ದನ್ನು ಅಲ್ಲೇ ಎತ್ತಿ ಆಡುವ ಅಜ್ಜಿಯೊಬ್ಬಳು ಇರುತ್ತಾಳೆ. ಜೇವರ್ಗಿ ಸೀಮೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯಪರಂಪರೆಯನ್ನು ಹೇಳುವಾಗಲೂ ಚನ್ನೂರ ಜಲಾಲಸಾಹೇಬ, ಖೈನೂರು ಕೃಷ್ಣಪ್ಪ ಎಂದು ಊರು ಸಮೇತ ಹೇಳುವುದೇ ವಾಡಿಕೆ. ಯಾರು ಎಲ್ಲಿಯವರು, ಎಲ್ಲಿಂದ ಬಂದರು ಎಂಬುದು ಹೆಸರಿನಷ್ಟೇ ಮುಖ್ಯ ಎಂದು ತಿಳಿದ ಸೀಮೆ ಇದು.

ಜಾಗ ಸಾಲದು ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಮೂವತ್ತೆರಡು ಪುಟದ ಚಿತ್ರಕಥೆಯಲ್ಲಿ ಪ್ರತಿ ಚಿಕ್ಕಪ್ಪನ ಚರಿತ್ರೆ ಬರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಡೊರೊತಿಯ ಕಥೆ ಬರೆದ ಎಲ್. ಫ್ರ್ಯಾಂಕ್ ಬಾಮ್ 1900ರಲ್ಲೇ ದಾರಿ ತೋರಿಸಿದ್ದಾರೆ: ಆ ಹುಡುಗಿ ತಬ್ಬಲಿ ಎಂದು ಒಂದೇ ಮಾತು, ಅವಳನ್ನು ಸಾಕಿದ ಕಾಕಾ ಕಾಕಿಯ ಹೆಸರು, ಅಷ್ಟೇ. ಅಷ್ಟರಿಂದಲೇ ಓಜ್ ನಾಡಿನ ಎಲ್ಲ ವೈಭವದ ನಡುವೆ ಅವಳು ಮನೆಗೆ ಹೋಗಬೇಕು ಅನ್ನುವುದಕ್ಕೆ ಅರ್ಥ ಬಂತು; ಹೋಗಬೇಕಾದ ಮನೆ ಯಾರದೆಂದು ನಮಗೆ ಗೊತ್ತು. ನಮ್ಮ ಅಜ್ಜಿಕಥೆಗಳೂ ಇದನ್ನೇ ಮಾಡುತ್ತವೆ. ಅವ್ವ ತೀರಿಕೊಂಡಳು, ಮಲತಾಯಿ ಬಂದಳು ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ; ಸತ್ತವರು ಸತ್ತರೆಂದು ಹೇಳಿಯೇ ಹೋಗುತ್ತವೆ.

ಆಳಂದ, ಅಫಜಲಪುರ, ಜೇವರ್ಗಿಯ ಹೆಸರು ಹಿಡಿದು ಈ ಮಾತು ಆಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದು ತೊಗರಿಯ ನಾಡು, ಮಳೆ ನಂಬಿದ ಒಕ್ಕಲುತನ. ರಾಶಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಅದಕ್ಕೂ ಮೊದಲೇ, ಇಲ್ಲಿಯ ಕೂಲಿಯವರು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳಲ್ಲಿ ಕೆಲವರು ಅವರ ಜೊತೆ ಹೋಗುತ್ತಾರೆ, ಕೆಲವರು ಅಜ್ಜ-ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಂಥ ಮಕ್ಕಳಿಗಾಗಿಯೇ ಕಲ್ಯಾಣ ಕರ್ನಾಟಕದಲ್ಲಿ ಋತುಮಾನ ವಸತಿ ಶಾಲೆಗಳನ್ನು ನಡೆಸಬೇಕಾಗಿ ಬಂದಿದೆ. ಮಾಸ್ತರರು ಹಾಜರಿ ಕರೆಯುವಾಗ 'ದುಡಿಲಾಕ ಹೋಗ್ಯಾರ್ರಿ' ಎಂಬ ಉತ್ತರ ಇಲ್ಲಿಯ ಶಾಲೆಗಳಿಗೆ ಹೊಸದಲ್ಲ. ಆ ಉತ್ತರದಲ್ಲಿ ಹೋದವರ ಲೆಕ್ಕ ಇದೆ: ಎಲ್ಲಿಗೆ, ಯಾತಕ್ಕೆ, ಯಾವಾಗ ಬರುತ್ತಾರೆ ಎಂಬುದು ಆ ಮಗುವಿಗೆ ಗೊತ್ತು, ಗೊತ್ತಿಲ್ಲದಿದ್ದರೆ ಕೇಳುತ್ತದೆ. ಅಂಥ ಮಗುವಿನ ಕೈಗೆ ಜಾಕನ ಪುಸ್ತಕ ಕೊಟ್ಟಾಗ ಅದಕ್ಕೆ ಮೊದಲು ಕಾಣುವುದು ರಾಕ್ಷಸನಲ್ಲ, ಮನೆಯಲ್ಲಿಲ್ಲದ ಅಪ್ಪ. ಹೋದವರನ್ನು ಯಾರೂ ಕೇಳುವುದಿಲ್ಲ, ಕೇಳದಿದ್ದರೂ ಕಥೆ ನಡೆಯುತ್ತದೆ ಎಂದು ಪುಸ್ತಕಗಳು ಮತ್ತೆ ಮತ್ತೆ ಹೇಳಿದರೆ ಅದು ಆ ಮಗುವಿಗೆ ಮಾಡುವ ಅನ್ಯಾಯ. ಮಕ್ಕಳು ಇಷ್ಟೆಲ್ಲ ಯೋಚಿಸುವುದಿಲ್ಲ, ನೀವು ದೊಡ್ಡವರ ಚಿಂತೆಯನ್ನು ಅವರ ತಲೆಗೆ ಕಟ್ಟುತ್ತಿದ್ದೀರಿ ಎನ್ನುವವರು ಒಮ್ಮೆ ಯಾವುದಾದರೂ ಆರು ವರ್ಷದ ಮಗುವಿಗೆ ಕಥೆ ಹೇಳಿ ನೋಡಲಿ. ಅದು ಎತ್ತುವ ಪ್ರಶ್ನೆಗಳಲ್ಲಿ ಅರ್ಧ ಕಥೆಯ ಅಂಚಿನಲ್ಲಿ ನಿಂತವರ ಬಗ್ಗೆಯೇ ಇರುತ್ತವೆ.

ಅಮರ ಚಿತ್ರಕಥೆಯನ್ನು ದೇಶದ ಮನೆಮಾತು ಮಾಡಿದ ಅನಂತ ಪೈ ಕಾರ್ಕಳದವರು. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ-ತಾಯಿಯನ್ನು ಕಳೆದುಕೊಂಡವರು. 1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿ ಯಾರೆಂದು ಹೇಳಲಾಗದೆ ನಿಂತದ್ದನ್ನು ಕಂಡೇ ತಾವು ಈ ಕೆಲಸಕ್ಕೆ ಇಳಿದದ್ದೆಂದು ಅವರು ಹೇಳುತ್ತಿದ್ದರು. ಜಾಕ್, ಸಿಂಡರೆಲ್ಲಾರಿಂದ ಶುರುವಾದ ಆ ಮಾಲೆ ಪುರಾಣದತ್ತ ಹೊರಳಿದ್ದು ಮರೆತುಹೋದ ಒಬ್ಬ ತಾಯಿಯ ಹೆಸರಿನಿಂದ. ಆ ಕೆಲಸ ಇನ್ನೂ ಮುಗಿದಿಲ್ಲ. ಸಾಯಂದೇವನ ಕಡಗಂಚಿಯಲ್ಲಿ ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ, ಕಲಬುರಗಿ ಸೀಮೆಯಲ್ಲಿ ಕುಂಚ ಹಿಡಿದ ಕೈಗಳಿಗೆ ಎಂದೂ ಬರವಿಲ್ಲ. ರತ್ನಾಯಿಯ ಪ್ರಯಾಣವನ್ನು ಅವಳ ಕಡೆಯಿಂದ ಹೇಳುವ ಒಂದು ಕನ್ನಡ ಚಿತ್ರಕಥೆ ಬರಲಿ. ಗುಳೆ ಹೋದ ಅವ್ವ-ಅಪ್ಪ ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ ಎಂದು ತೋರಿಸುವ ಚೌಕಟ್ಟು ಇರುವ ಪುಸ್ತಕ ಬರಲಿ. ಅವು ಬರುವ ತನಕ ಕಾಯಬೇಕಿಲ್ಲ. ಈ ಮೂರು ತಾಲ್ಲೂಕುಗಳ ಮಾಸ್ತರರು, ಅಕ್ಕೋರು, ಗ್ರಂಥಾಲಯ ನಡೆಸುವವರು ಹಳೆಯ ಪುಸ್ತಕಗಳನ್ನೇ ತೆಗೆದುಕೊಂಡು ಮಕ್ಕಳ ಕೈಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ಜಾಕನ ಅಪ್ಪ ಎಲ್ಲಿ ಹೋದ ಎಂದು ಕೇಳಿ, ಬಿಟ್ಟುಹೋದ ಆ ಒಂದು ಚೌಕಟ್ಟನ್ನು ಅವರಿಂದಲೇ ಬರೆಸಿ ಪುಸ್ತಕದೊಳಗೆ ಅಂಟಿಸಿಡಿ.